ಸಿಂದಗಿಯ ಸಭೆಯಲ್ಲಿ ಮಾತಿಲ್ಲದ ಎರಡು ತಿಂಗಳು

ಹೋದ ವಾರ ಒಂದು ಮದುವೆಗೆಂದು ಸಿಂದಗಿಗೆ ಹೋಗಿದ್ದೆ. ಈಗ ನನ್ನ ಸೇವೆ ಬಸವನ ಬಾಗೇವಾಡಿಯಲ್ಲಿ. ಸಿಂದಗಿ ಬಿಟ್ಟು ನಾಲ್ಕು ವರ್ಷವಾಯಿತು. ಬಸ್ ಸ್ಟ್ಯಾಂಡಿನಿಂದ ಒಳದಾರಿ ಹಿಡಿದು ನಡೆಯುತ್ತಿದ್ದಾಗ ಒಂದು ಮನೆಯ ಕಂಪೌಂಡ್ ಗೋಡೆಯ ಮೇಲೆ ಮೂರು ಕೌದಿ ಒಣಹಾಕಿದ್ದು ಕಂಡಿತು. ಬೆಳಗಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಆ ಹೊದಿಕೆಗಳಿಂದ ಹಸಿ ಬಟ್ಟೆಯ, ಸೋಪಿನ, ಸ್ವಲ್ಪ ಕೆಸರಿನ ವಾಸನೆ ಏಳುತ್ತಿತ್ತು. ಅಲ್ಲೇ ನಿಂತುಬಿಟ್ಟೆ. ಸಿಂದಗಿಯಲ್ಲಿ ನಾನು ಕಳೆದ ಮೊದಲ ಮಳೆಗಾಲ ಇಡಿಯಾಗಿ ಮೂಗಿನೊಳಗೆ ಬಂದು ಕೂತಿತು.

ಆಗ ನನಗೆ ಇಪ್ಪತ್ತೊಂಬತ್ತು. ಹುಟ್ಟಿ ಬೆಳೆದದ್ದು ಮುದ್ದೇಬಿಹಾಳ. ದೇವರು ನನಗೆ ಕೊಟ್ಟದ್ದು ಕಂಠ ಎಂದು ಚಿಕ್ಕಂದಿನಿಂದಲೂ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಇಂಡಿಯಿಂದ ಬಾಗೇವಾಡಿಯ ತನಕ ಎಲ್ಲಿ ಯುವಜನರ ಕೂಟ ನಡೆದರೂ ಸಂದೇಶ ಕೊಡಲು ನನ್ನನ್ನೇ ಕರೆಯುತ್ತಿದ್ದರು. ಮೈಕ್ ಕೆಟ್ಟರೂ ನಾನು ನಿಲ್ಲಿಸುತ್ತಿರಲಿಲ್ಲ. ಸಭಾಪಾಲಕನಾಗಿ ಮೊದಲ ನೇಮಕವೇ ಸಿಂದಗಿಗೆ ಆದಾಗ, ಇಪ್ಪತ್ತು ಮನೆಗಳ ಈ ಪುಟ್ಟ ಸಭೆಯನ್ನು ಒಂದೇ ವರ್ಷದಲ್ಲಿ ಎಬ್ಬಿಸಿ ನಿಲ್ಲಿಸುತ್ತೇನೆ ಎಂದುಕೊಂಡು ಬಂದೆ.

ಜೂನ್‌ನಲ್ಲಿ ಬಂದವನೇ ಆತ್ಮಿಕ ವರಗಳ ಬಗ್ಗೆ ಏಳು ಭಾನುವಾರ ಸತತವಾಗಿ ಪ್ರಸಂಗ ಮಾಡಿದೆ. ದೇವರಾತ್ಮ ಒಬ್ಬೊಬ್ಬರಿಗೂ ಒಂದೊಂದು ವರ ಕೊಟ್ಟಿದ್ದಾನೆ, ಅದನ್ನು ಗುರುತಿಸಿ ಸೇವೆಗೆ ಬಳಸಬೇಕು ಎಂದು ಗಂಟಲು ಹರಿಯುವಂತೆ ಹೇಳಿದೆ. ಕೊನೆಯ ಭಾನುವಾರ ಎಲ್ಲರಿಗೂ ಒಂದೊಂದು ಹಾಳೆ ಹಂಚಿದೆ. ಬೋಧಿಸುವುದು, ಉಪಚರಿಸುವುದು, ಸಂತೈಸುವುದು, ದಾನ ಮಾಡುವುದು, ಮುಂದೆ ನಿಂತು ನಡೆಸುವುದು ಹೀಗೆ ವರಗಳ ಪಟ್ಟಿ. ತಮ್ಮದು ಯಾವುದೋ ಅದರ ಮುಂದೆ ಟಿಕ್ ಹಾಕಬೇಕು.

ರಾಹೇಲವ್ವ ತನ್ನ ಹಾಳೆಯನ್ನು ಖಾಲಿಯಾಗಿಯೇ ಮರಳಿಸಿದಳು, ಕೆಳಗೊಂದು ಹೆಬ್ಬೆಟ್ಟು ಮಾತ್ರ. ಅರವತ್ತೈದರ ವಿಧವೆ, ಸರಕಾರಿ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು. ಪಟ್ಟಿಯನ್ನು ಪಕ್ಕದವರಿಂದ ಓದಿಸಿಕೊಂಡಿದ್ದಳು. "ಇದರಾಗ ರೊಟ್ಟಿ ಬಡಿಯೂದು ಇಲ್ಲಲ್ರಿ ಅಯ್ಯನೋರ" ಎಂದಳು. ನಾನು ನಕ್ಕೆ.

ಸಮುವೇಲಪ್ಪನ ಹಾಳೆಯಲ್ಲಿ ಒಂದೇ ಟಿಕ್ ಇತ್ತು: ಸಂತೈಸುವುದು. ಸಮುವೇಲಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸದವನು. ವರ್ಷಗಟ್ಟಲೆ ಕುಡಿದು ಬಿದ್ದು, ಆಮೇಲೆ ಒಂದು ದಿನ ಬಿಟ್ಟವನು. ಬಿಟ್ಟು ಎಂಟು ವರ್ಷವಾಗಿದ್ದರೂ ಸಭೆಯಲ್ಲಿ ಇನ್ನೂ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕವೇ ಕೂರುತ್ತಿದ್ದ. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಆಸ್ಪತ್ರಿಗಿ ಹೋಗಿ ಜಡ್ಡಾದವ್ರ ಕೂಡ ಕುಂದ್ರಬೇಕಂತ ಮನಸೈತ್ರಿ. ನೀವು ಹೂಂ ಅಂದ್ರ" ಎಂದು ನಿಲ್ಲಿಸಿದ.

"ನೋಡೂಣು ಸಮುವೇಲಪ್ಪ. ಮಂದಿ ಏನಂತಾರ ಅನ್ನೂದೂ ವಿಚಾರ ಮಾಡಬೇಕಾಗ್ತದ" ಎಂದೆ. ಅವನು ತಲೆಯಾಡಿಸಿ ಹೋದ. ಹಾಳೆಗಳೆಲ್ಲ ಕಪಾಟು ಸೇರಿದವು.

ಆಗಸ್ಟ್ ಕೊನೆಯಲ್ಲಿ ತಾಂಬಾದಲ್ಲಿ ಮೂರು ದಿನದ ಕೂಟವಿತ್ತು. ಎರಡನೆಯ ದಿನ ಮಧ್ಯಾಹ್ನ, ಮಾತು ಏರಿಸಿದ ಹೊತ್ತಿಗೆ ಗಂಟಲೊಳಗೆ ಏನೋ ಹರಿದಂತಾಯಿತು. ಮುಂದಿನ ಪದ ಬರಲೇ ಇಲ್ಲ. ಬಾಯಿ ತೆರೆದರೆ ಬರೀ ಗಾಳಿ. ವಿಜಯಪುರದಲ್ಲಿ ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿದರು. ಧ್ವನಿಯ ತಂತುವಿನ ಮೇಲೆ ಗಂಟಾಗಿ ರಕ್ತ ಸೋರಿದೆ, ಸಣ್ಣ ಆಪರೇಷನ್ ಆಗಬೇಕು ಎಂದರು. ಆಪರೇಷನ್ ಆದ ಮೇಲೆ ನನ್ನ ಹೆಂಡತಿ ಸುಜಾತಾಳನ್ನು ಕರೆದು ಹೇಳಿದರು: "ಎರಡು ತಿಂಗಳು ಒಂದು ಮಾತೂ ಇಲ್ಲ. ಪಿಸುಮಾತೂ ಬೇಡ. ಕೇಳಲಿಲ್ಲ ಅಂದರೆ ಇವರು ಪ್ರಸಂಗ ಮಾಡುವುದನ್ನು ಮರೆತುಬಿಡಿ."

ಸುಜಾತಾ ನನಗೆ ಬರೆಯಲೊಂದು ಪಾಟಿ, ಒಂದು ಡಬ್ಬಿ ಖಡು ತಂದುಕೊಟ್ಟಳು. ಒಂದನೇ ಇಯತ್ತೆಯ ಮಗುವಿನಂತೆ ಪಾಟಿ ಹಿಡಿದು ಕೂತೆ. ಅವಮಾನ, ಸಿಟ್ಟು, ಭಯ ಎಲ್ಲ ಒಟ್ಟಿಗೆ. ಕೊಟ್ಟ ಕಂಠವನ್ನು ದೇವರೇ ಕಿತ್ತುಕೊಂಡರೆ ನಾನು ಯಾವುದಕ್ಕೆ ಬೇಕು? ಈ ಪ್ರಶ್ನೆಯನ್ನು ಪಾಟಿಯ ಮೇಲೆ ಬರೆದು ಅಳಿಸಿದೆ, ಯಾರಿಗೂ ತೋರಿಸಲಿಲ್ಲ.

ವಾರದೊಳಗೆ ವಿಜಯಪುರದಿಂದ ನಮ್ಮ ಮೇಲ್ವಿಚಾರಕರ ಪತ್ರ ಬಂತು. ಮೃದುವಾಗಿಯೇ ಬರೆದಿದ್ದರು. ಅಕ್ಟೋಬರ್ ಕೊನೆಯ ಭಾನುವಾರ ತಾವೇ ಸಿಂದಗಿಗೆ ಬಂದು ನೋಡುವುದಾಗಿಯೂ, ಸಭೆ ನಡೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅದನ್ನು ಇಂಡಿಯ ಸಭೆಗೆ ಸೇರಿಸಿ ನನಗೆ ಬೇರೆ ಕೆಲಸ ಕೊಡುವುದಾಗಿಯೂ ತಿಳಿಸಿದ್ದರು. ಇಂಡಿಗೆ ಸೇರಿಸಿದರೆ ಸಿಂದಗಿಯ ಪುಟ್ಟ ಆಲಯಕ್ಕೆ ಬೀಗ. ಕೂಲಿಯ ಮನೆಗಳವರು ಭಾನುವಾರ ಬಸ್ ಹತ್ತಿ ಅಷ್ಟು ದೂರ ಹೋಗುವುದು ಆಗದ ಮಾತು.

ಸಭೆಯ ಹಿರಿಯರನ್ನು ಮನೆಗೆ ಕರೆದೆ. ಸುಜಾತಾ ಪತ್ರ ಓದಿದಳು. ನಾನು ಪಾಟಿಯ ಮೇಲೆ 'ಏನು ಮಾಡೋಣ?' ಎಂದು ಬರೆದು, ಮರೆತು ರಾಹೇಲವ್ವನ ಮುಂದೆಯೂ ಹಿಡಿದೆ.

"ನನಗ ಓದಾಕ ಬರೂದಿಲ್ಲ, ಅದನ್ನ ಆಕಡೆ ಇಡ್ರಿ" ಎಂದಳು ಅವಳು. "ಅಯ್ಯನೋರ, ನೀವು ಏಳು ಐತಾರ ಒಂದ ಮಾತ ಹೇಳಿದ್ರಿ. ಒಬ್ಬೊಬ್ಬರಿಗಿ ಒಂದೊಂದು ವರ ಐತಿ ಅಂದ್ರಿ. ಖರೇ ಹೇಳಿದ್ರೋ, ಸುಳ್ಳ ಹೇಳಿದ್ರೋ?"

ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ತಲೆಯಾಡಿಸಿದೆ.

"ಖರೇ ಇದ್ರ ನೀವು ಸುಮ್ಮ ಕುಂದರ್ರಿ. ಸೇವಾ ನಾವು ಮಾಡ್ತೇವಿ. ಏ ಯೋನಪ್ಪ, ಈ ಐತಾರ ನೀ ನಿಲ್ಲು ಮುಂದ."

ಯೋನಪ್ಪ ಸಿಂದಗಿ–ಆಲಮೇಲ ಬಸ್ಸಿನ ಕಂಡಕ್ಟರ್. ಪ್ರಾರ್ಥನೆ ಮಾಡು ಎಂದರೂ ಬೆವರುವ ಮನುಷ್ಯ. "ಅತ್ತಿ, ನನಗ ಟಿಕೀಟ ಹರಿಯೂದು ಬಿಟ್ಟು ಏನೂ ಬರೂದಿಲ್ಲ" ಎಂದು ಎದ್ದೇಬಿಟ್ಟ. ರಾಹೇಲವ್ವ ಅವನ ತೋಳು ಹಿಡಿದು ಕೂರಿಸಿದಳು.

ಆ ಭಾನುವಾರ ಯೋನಪ್ಪ ಖಾಕಿ ಅಂಗಿಯಲ್ಲೇ ಬಂದು ನಿಂತ, ಮಧ್ಯಾಹ್ನ ಡ್ಯೂಟಿ ಇತ್ತು. ವಾಕ್ಯ ಓದಿದ. ಪೀಠವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ಹೇಳಲು ಶುರುಮಾಡಿದ. ಹಿಂದಿನ ದಿನ ಒಬ್ಬ ಮುದುಕಿ ಮೊಮ್ಮಗಳ ಬಾಣಂತನಕ್ಕೆಂದು ತುಪ್ಪದ ಡಬ್ಬಿ ಹಿಡಿದು ಬಸ್ ಹತ್ತಿದ್ದು, ನೂಕುನುಗ್ಗಲಿನಲ್ಲಿ ಡಬ್ಬಿ ಚೆಲ್ಲಿದ್ದು, ಇಡೀ ಬಸ್ಸಿನವರು ಅವಳನ್ನು ಬೈದದ್ದು, ತಾನೂ ಬೈದದ್ದು. "ಬೈದ ಮ್ಯಾಲ ಆಕಿ ಮಾರಿ ನೋಡಿದ್ನಿ. ನಮ್ಮವ್ವನ ಮಾರೀನ ಇದ್ದಂಗಿತ್ತು. ಇಳಿಯೂ ಮುಂದ ಕೈಮುಗಿದು ತಪ್ಪಾತಬೇ ಅಂದ್ನಿ. ಕ್ಷಮಾ ಕೇಳೂದು ಏನು ಅಂತ ನನಗ ನಿನ್ನಿ ತಿಳೀತು. ಇವತ್ತ ಓದಿದ್ದೂ ಅದ ಐತಿ." ಇಷ್ಟು ಹೇಳಿ ಕೂತುಬಿಟ್ಟ.

ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಸುತ್ತ ನೋಡಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆರಾಧನೆ ಮುಗಿದ ಮೇಲೆ ಇಬ್ಬರು ಅಣ್ಣತಮ್ಮಂದಿರು, ವರ್ಷದಿಂದ ಮಾತು ಬಿಟ್ಟವರು, ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಮಾತಾಡುತ್ತಿದ್ದರು. ಏಳು ಭಾನುವಾರಗಳ ನನ್ನ ಗುಡುಗಿಗೆ ಆಗದ್ದು ಅದು. ಹೊಟ್ಟೆಯಲ್ಲಿ ಒಂದು ಕ್ಷಣ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುಕ್ಷಣವೇ ಹಗುರವಾಯಿತು.

ಇನ್ನೊಂದು ವಿಚಿತ್ರವೂ ನಡೆಯಿತು. ನಾನು ಉತ್ತರ ಕೊಡಲಾರೆ ಎಂದು ಗೊತ್ತಾದ ಮೇಲೆ ಜನ ನನ್ನ ಹತ್ತಿರ ಬಂದು ಮಾತಾಡತೊಡಗಿದರು. ಮೊದಲು ಬಂದಾಗ ನಾನೇ ಮಾತಾಡಿ ಕಳಿಸುತ್ತಿದ್ದೆನಲ್ಲ! ಈಗ ಬಂದವರು ಕೂರುತ್ತಿದ್ದರು, ಅರ್ಧ ತಾಸು ಹೇಳುತ್ತಿದ್ದರು, "ಮನಸ ಹಗರ ಆತ್ರಿ" ಎಂದು ಎದ್ದು ಹೋಗುತ್ತಿದ್ದರು. ನಾನು ಮಾಡಿದ್ದು ಕೇಳಿದ್ದಷ್ಟೇ.

ಒಂದು ಸಂಜೆ ಮಳೆ ಹಿಡಿದಿತ್ತು. ಸಮುವೇಲಪ್ಪ ಗಾರೆ ಮೆತ್ತಿದ ಕೈಯಲ್ಲೇ ಬಂದು ಪಡಸಾಲೆಯ ಅಂಚಿನಲ್ಲಿ ಕೂತ. ಮಳೆ ನೋಡುತ್ತಲೇ ಹೇಳಿದ.

"ನನ್ನ ಹೇಂತಿ ತೀರಿಕೊಂಡ ದಿನ ನಾನು ಆಸ್ಪತ್ರ್ಯಾಗ ಇರಲಿಲ್ರಿ. ಕುಡದು ಬಿದ್ದಿದ್ನಿ. ಎಚ್ಚರಾಗಿ ಹೋಗೂದ್ರಾಗ ಎಲ್ಲಾ ಮುಗದಿತ್ತು. ಮಣ್ಣು ಕೊಟ್ಟ ಮ್ಯಾಲ ಮಂದಿ ಬಂದ್ರು. ಒಬ್ಬಾಂವ ಬೈದ, ಒಬ್ಬಾಂವ ಬುದ್ಧಿ ಹೇಳಿದ, ಒಬ್ಬಾಂವ ಪ್ರಾರ್ಥನಾ ಮಾಡಿ ಹೋದ. ನನ್ನ ಹಂತೇಕ, ಮಗ್ಗಲಿಗಿ ಯಾರೂ ಕುಂದ್ರಲಿಲ್ರಿ. ಅದಕ್ಕ ಆ ಹಾಳ್ಯಾಗ ಅದೊಂದಕ್ಕ ಟಿಕ್ ಹಾಕಿದ್ನಿ. ತಪ್ಪಾಗಿದ್ರ ಹೊಡದ ಹಾಕ್ರಿ."

ನಾನು ಪಾಟಿ ತೆಗೆದುಕೊಂಡು 'ಕ್ಷಮಿಸು' ಎಂದು ಬರೆದೆ. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಓದಿ ಗಾಬರಿಯಾಗಿ, "ಅಯ್ಯ, ಅದೇನ್ ಬರೀತೀರಿ" ಎಂದು ಅಂಗೈಯಿಂದ ತಾನೇ ಅಳಿಸಿಬಿಟ್ಟ.

ಸೆಪ್ಟೆಂಬರ್ ನಡುವಿನಲ್ಲಿ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು. ಭೀಮಾ ನದಿ ದಂಡೆ ಮೀರಿತು. ಒಂದು ಮಧ್ಯಾಹ್ನ ಯೋನಪ್ಪ ಅರ್ಧ ದಾರಿಯಿಂದ ಬಸ್ ತಿರುಗಿಸಿಕೊಂಡು ಬಂದವನು ನೇರ ನಮ್ಮ ಮನೆಗೆ ಓಡಿಬಂದ. ಆಲಮೇಲದ ಆಚೆ ಹೊಳೆಯ ದಂಡೆಯ ಒಂದು ಊರಿಗೆ ನೀರು ನುಗ್ಗಿ, ಜನರನ್ನೆಲ್ಲ ದಿಬ್ಬದ ಮೇಲಿನ ಸರಕಾರಿ ಶಾಲೆಗೆ ಸಾಗಿಸಿದ್ದರು. "ಇನ್ನೂರು ಮಂದಿ ಅದಾರ. ಅಧಿಕಾರಿಗೋಳು ಬಂದಾರ, ಅಕ್ಕಿ ಬಂದೈತಿ. ಬೇಯಿಸಿ ಹಾಕೂವ್ರು ಇಲ್ಲ. ಹಾಸ್ಕೊಳ್ಳಾಕ ಹೊತಗೊಳ್ಳಾಕ ಏನೂ ಇಲ್ಲ."

ನಾನು ಪಾಟಿ ಹುಡುಕುವುದರೊಳಗೆ, ನಮ್ಮ ಮನೆಯಲ್ಲೇ ಕೂತಿದ್ದ ರಾಹೇಲವ್ವ ಸೊಂಟಕ್ಕೆ ಸೆರಗು ಬಿಗಿದಾಗಿತ್ತು. ಆ ಸಂಜೆ ಅವಳ ನಿಜವಾದ ರೂಪ ಕಂಡೆ. ಯಾವ ಮನೆ ಎಷ್ಟು ರೊಟ್ಟಿ ಬಡಿಯಬೇಕು, ಯಾರ ಮನೆಯ ದೊಡ್ಡ ಪಾತೇಲಿ ಬೇಕು, ಯಾರ ಟಂಟಂ ಗಾಡಿ ಬೆಳಗ್ಗೆ ಖಾಲಿ ಇರುತ್ತದೆ, ಎಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿದಳು, ಒಂದನ್ನೂ ಮರೆಯಲಿಲ್ಲ. ಮನೆಮನೆಯಿಂದ ಕೌದಿಗಳು ಬಂದವು. ಮರುದಿನ ಬೆಳಗ್ಗೆ ಹತ್ತಕ್ಕೆ ನಾವು ಹದಿನಾಲ್ಕು ಮಂದಿ, ಎರಡು ಟಂಟಂ ತುಂಬ ರೊಟ್ಟಿ, ಶೇಂಗಾ ಚಟ್ನಿ, ಕೌದಿ ಹೇರಿಕೊಂಡು ಹೊರಟೆವು.

ಶಾಲೆಯ ಗೇಟಿನಲ್ಲೇ ಊರ ಹಿರಿಯರೊಬ್ಬರು ತಡೆದರು. ಟಂಟಂನಲ್ಲಿ ನನ್ನನ್ನು ಕಂಡು ಗುರುತು ಹಿಡಿದಿರಬೇಕು. "ನೀವು ಚರ್ಚಿನವ್ರಲ್ಲ? ಇಂಥಾ ಹೊತ್ತಿನ್ಯಾಗ ಪ್ರಚಾರಕ್ಕ ಬಂದೀರೇನು?" ಎಂದರು. ನನ್ನ ಹತ್ತಿರ ಅದಕ್ಕೆ ದೊಡ್ಡ ಉತ್ತರವಿತ್ತು, ಧ್ವನಿ ಇರಲಿಲ್ಲ. ರಾಹೇಲವ್ವ ಕೆಳಗಿಳಿದು ಬುಟ್ಟಿಯ ಅರಿವೆ ತೆಗೆದಳು.

"ಅಣ್ಣಾರ, ನಾ ಮೂವತ್ತು ವರ್ಷ ಹಾಸ್ಟೆಲ್ನ್ಯಾಗ ಎಲ್ಲಾರ ಮಕ್ಳಿಗೂ ಉಣಸೇನಿ. ನೀ ಯಾರ ಪೈಕಿ ಅಂತ ಒಂದ ಕೂಸಿಗೂ ಕೇಳಿಲ್ಲ. ದೇವರು ನನಗ ಕೊಟ್ಟದ್ದು ಈ ಎರಡು ಕೈ. ಒಲಿ ಎಲ್ಲಿ ಐತಿ ಅಷ್ಟು ತೋರಿಸ್ರಿ."

ಹಿರಿಯರು ಅವಳ ಮುಖ ನೋಡಿದರು, ರೊಟ್ಟಿ ನೋಡಿದರು. "ಒಳಗ ಬರ್ರಿ ಯವ್ವಾ" ಎಂದು ಗೇಟು ತಾವೇ ತೆರೆದರು. ಮಧ್ಯಾಹ್ನದ ಹೊತ್ತಿಗೆ ಅದೇ ಹಿರಿಯರು ತೋಳೇರಿಸಿ ಅವಳ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದರು.

ಶಾಲೆಯ ಮೆಟ್ಟಿಲ ಮೇಲೆ ಒಬ್ಬ ಮುದುಕ ನೀರಿನ ಕಡೆ ಮುಖ ಮಾಡಿ ಕೂತಿದ್ದ. ಮಲ್ಲಪ್ಪಜ್ಜ ಎಂದು ಹೆಸರು. ಎರಡು ದಿನದಿಂದ ತುತ್ತು ಮುಟ್ಟಿಲ್ಲ, ಬಾಯಿ ಬಿಟ್ಟಿಲ್ಲ ಎಂದು ಸೊಸೆ ಅಳುತ್ತಿದ್ದಳು. ಸಕ್ಕರೆ ಕಾಯಿಲೆ ಬೇರೆ. ಹೀಗೇ ಇದ್ದರೆ ಉಳಿಯುವುದಿಲ್ಲ ಎಂದು ನರ್ಸ್ ಹೆದರಿದ್ದರು. ನಾನು ಹತ್ತಿರ ಹೋಗಿ ಕೈ ಹಿಡಿಯಲು ನೋಡಿದೆ, ಅಜ್ಜ ಕೊಡವಿಕೊಂಡ. ತಹಶೀಲ್ದಾರರ ಮಾತಿಗೂ ಅಲುಗಲಿಲ್ಲ.

ಸಮುವೇಲಪ್ಪ ನನ್ನ ಕಡೆ ನೋಡಿದ. ಈ ಸಲ ನಾನು ಹೂಂ ಎಂದೆ, ತಲೆಯಾಡಿಸಿ.

ಅವನು ಹೋಗಿ ಅಜ್ಜನ ಪಕ್ಕ, ಅದೇ ಮೆಟ್ಟಿಲ ಮೇಲೆ, ಅದೇ ನೀರಿನ ಕಡೆ ಮುಖ ಮಾಡಿ ಕೂತ. ಒಂದು ಮಾತೂ ಆಡಲಿಲ್ಲ. ಊಟದ ಹೊತ್ತಾಯಿತು. ಅಜ್ಜ ಉಣ್ಣಲಿಲ್ಲ, ಅವನೂ ಉಣ್ಣಲಿಲ್ಲ. ತುಂತುರು ಬಿತ್ತು. ಸಮುವೇಲಪ್ಪ ಒಂದು ಕೌದಿ ತರಿಸಿ ಅಜ್ಜನ ಹೆಗಲಿಗೆ ಹೊದಿಸಿದ, ತಾನು ತೋಯಿಸಿಕೊಂಡೇ ಕೂತ. ಹೊತ್ತು ಇಳಿಯುತ್ತಿದ್ದಾಗ ಅಜ್ಜ ಮೊದಲ ಸಲ ಕತ್ತು ತಿರುಗಿಸಿದ.

"ಯಾವ ಊರಾಂವೋ ನೀನು?"

"ಸಿಂದಗಿ ರೀ. ಗೌಂಡಿ ಕೆಲಸ ಮಾಡ್ತೇನಿ."

"ಇಲ್ಲಿ ಯಾಕ ಕುಂತಿ?"

"ನೀವೊಬ್ರ ಕುಂತಿದ್ರೆಲ್ರಿ ಕಾಕಾ, ಅದಕ್ಕ."

ಅಜ್ಜ ಮತ್ತೆ ನೀರಿನ ಕಡೆ ತಿರುಗಿದ. "ನನ್ನ ಎತ್ತು ಹೋದುವೋ ತಮ್ಮಾ. ಜೋಡೆತ್ತು. ನೀರು ಬರೂ ಮುಂದ ನನ್ನ ಎಳಕೊಂಡು ಬಂದ್ರು. ಹಗ್ಗ ಬಿಚ್ಚಾಕ ಆಗಲಿಲ್ಲ. ನಾನ ಕಟ್ಟಿದ್ನಿ, ಗಟ್ಟಿ ಕಟ್ಟಿದ್ನಿ. ಕಟ್ಟಿರದಿದ್ರ ಈಜಿ ಬರ್ತಿದ್ದುವು."

ಸಮುವೇಲಪ್ಪ ಬುದ್ಧಿ ಹೇಳಲಿಲ್ಲ. "ನಾನೂ ಹೋಗಬೇಕಾದ ಹೊತ್ತಿಗಿ ಹೋಗಲಿಲ್ರಿ, ನನ್ನ ಹೇಂತಿ ಹಂತೇಕ" ಎಂದಷ್ಟೇ ಹೇಳಿದ. ಅಜ್ಜ ಅವನ ಹೆಗಲಿಗೆ ತಲೆ ಆನಿಸಿ ಗೋಳೋ ಎಂದು ಅತ್ತ. ಸಮುವೇಲಪ್ಪನೂ ಅತ್ತ. ಸೊಸೆ ಓಡಿಬಂದು ದೂರದಲ್ಲೇ ನಿಂತಳು. ರಾಹೇಲವ್ವ ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ಮುರಿದು ಹಾಕಿ ಒಂದೇ ಗಂಗಾಳದಲ್ಲಿ ತಂದಿಟ್ಟಳು. ಇಬ್ಬರೂ ಅದರಲ್ಲೇ ಕೈ ಹಾಕಿ ಉಂಡರು.

ಶಾಲೆಯ ವರಾಂಡದ ಕಂಬಕ್ಕೆ ಒರಗಿ ನಿಂತು ನಾನು ಇದನ್ನೆಲ್ಲ ನೋಡಿದೆ. ನಾನು ಹಾಳೆಯ ಮೇಲೆ ಪಟ್ಟಿ ಮಾಡಿದ್ದ ಒಂದೊಂದು ವರವೂ ಆ ಶಾಲೆಯ ಅಂಗಳದಲ್ಲಿ ಕಾಲು ಮೂಡಿ ಓಡಾಡುತ್ತಿತ್ತು. ದೇವರು ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಇಷ್ಟು ಜನರ ವರಗಳಿಗೆ ನಾನು ಅಡ್ಡ ನಿಂತಿದ್ದೆ, ನನ್ನನ್ನು ಸ್ವಲ್ಪ ಸರಿಸಿ ಕೂರಿಸಿದ್ದ, ಅಷ್ಟೇ.

ಒಂಬತ್ತು ದಿನ ಹೋದೆವು, ನೀರು ಇಳಿದು ಜನ ಮನೆಗೆ ಮರಳುವ ತನಕ. ಮರಳಿದ ಮೇಲೂ ಸಮುವೇಲಪ್ಪ ಬಿಡಲಿಲ್ಲ. ತನ್ನ ಜೊತೆಯ ಇಬ್ಬರು ಗೌಂಡಿಗಳನ್ನು ಕರೆದುಕೊಂಡು ಹೋಗಿ ಬಿದ್ದ ಗೋಡೆಗಳನ್ನು ಎಬ್ಬಿಸಿಕೊಟ್ಟ. ಸಿಂದಗಿಯ ಆಸ್ಪತ್ರೆಗೂ ಹೋಗತೊಡಗಿದ. "ಆ ಕಾಕಾ ಬಂದಿಲ್ಲೇನ್ರಿ ಇವತ್ತ?" ಎಂದು ರೋಗಿಗಳೇ ಕೇಳುವಂತಾಯಿತು. ಮಂದಿ ಏನಂದಾರು ಎಂದು ನಾನು ಹೆದರಿದ್ದೆನಲ್ಲ, ಮಂದಿ ಅಂದದ್ದು ಅದನ್ನು.

ಅಕ್ಟೋಬರ್ ಕೊನೆಯ ಶುಕ್ರವಾರ ಡಾಕ್ಟರು ನಳಿಕೆ ಇಳಿಸಿ ನೋಡಿ ನಕ್ಕರು. "ಗಾಯ ಮಾಗಿದೆ. ಭಾನುವಾರದಿಂದ ಮಾತಾಡಿ. ಐದು ನಿಮಿಷ, ಮೆಲ್ಲಗೆ. ಹಾಡುವುದು, ಕೂಗುವುದು ಮಾತ್ರ ಇನ್ನೊಂದು ತಿಂಗಳು ಬೇಡ."

ಭಾನುವಾರ ಮೇಲ್ವಿಚಾರಕರು ಬಂದರು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕೂರಲು ಜಾಗವಿರಲಿಲ್ಲ. ನಮ್ಮ ಇಪ್ಪತ್ತು ಮನೆಯವರ ಜೊತೆ ಹೊಳೆಯ ದಂಡೆಯ ಊರಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಗೇಟಿನಲ್ಲಿ ತಡೆದಿದ್ದ ಹಿರಿಯರು, ಮಲ್ಲಪ್ಪಜ್ಜ, ಅವನ ಸೊಸೆ. ಅವರು ತಮ್ಮ ದೇವರನ್ನು ಬಿಟ್ಟು ಬಂದವರಲ್ಲ, ಬಿಡಿ ಎಂದು ನಮ್ಮಲ್ಲಿ ಯಾರೂ ಕೇಳಿರಲೂ ಇಲ್ಲ. ಉಂಡ ಮನೆಗೆ ಬಂದು ಒಂದು ಮಾತು ಹೇಳಿ ಹೋಗೋಣವೆಂದು ಬಂದಿದ್ದರು. ಯೋನಪ್ಪ ಆರಾಧನೆ ನಡೆಸಿದ, ಈಗ ಅವನು ಬೆವರುತ್ತಿರಲಿಲ್ಲ. ಸಂದೇಶದ ಹೊತ್ತು ಬಂದಾಗ ಮೇಲ್ವಿಚಾರಕರು ನನ್ನ ಕಡೆ ತಿರುಗಿ ಪೀಠ ತೋರಿಸಿದರು. "ಹೋಗಿ. ನಿಮ್ಮ ಧ್ವನಿ ಕೇಳಲೆಂದೇ ಬಂದಿದ್ದೇನೆ."

ಎದ್ದು ಹೋದೆ. ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ. ಎರಡು ತಿಂಗಳ ಮೇಲೆ ಬಾಯಿ ತೆರೆದೆ. ಬಂದ ಧ್ವನಿ ನನಗೇ ಹೊಸದು, ತೆಳ್ಳಗೆ, ಸ್ವಲ್ಪ ಒರಟು.

"ಸಮುವೇಲಪ್ಪ, ಮುಂದ ಬರ್ರಿ. ಇವತ್ತಿನ ಮಾತು ನಿಮ್ಮದು."

ಇಷ್ಟೇ ಹೇಳಿ ಪೀಠದಿಂದ ಸರಿದು ನಿಂತೆ. ಹಿಂದಿನ ಸಾಲಿನಲ್ಲಿ ಸಮುವೇಲಪ್ಪ ಕಲ್ಲಾಗಿ ಕೂತಿದ್ದ. "ಏಳೋ, ಅಯ್ಯನೋರು ಕರ್ಯಾಕತ್ತಾರ" ಎಂದಳು ರಾಹೇಲವ್ವ. ಮಲ್ಲಪ್ಪಜ್ಜ ಎದ್ದು ಅವನ ಕೈ ಹಿಡಿದ. ಸಾಲುಗಳ ನಡುವೆ ಅವನನ್ನು ನಡೆಸಿಕೊಂಡು ಬಂದು ಪೀಠದ ಮುಂದೆ ನಿಲ್ಲಿಸಿ, ತಾನೂ ಪಕ್ಕದಲ್ಲೇ ನಿಂತ.

"ನನಗ ಮಾತ ಬರೂದಿಲ್ರಿ" ಎಂದ ಸಮುವೇಲಪ್ಪ. "ಕುಂದ್ರಾಕ ಬರ್ತೈತಿ. ಯಾರಾದ್ರೂ ಒಬ್ರ ಅಳಾಕತ್ತಿದ್ರ ಅವರ ಹಂತೇಕ ಕುಂದ್ರಾಕ ಬರ್ತೈತಿ. ಇದೂ ದೇವರು ಕೊಟ್ಟದ್ದಂತ ನನಗ ಗೊತ್ತಿರಲಿಲ್ರಿ. ಈಗ ಗೊತ್ತಾತು. ಅಷ್ಟ."

ಮಲ್ಲಪ್ಪಜ್ಜ ಜನರ ಕಡೆ ತಿರುಗಿದ. "ಈ ಮನಶಾ ಇರದಿದ್ರ ನಾ ಇವತ್ತ ಇಲ್ಲಿ ನಿಂದ್ರತಿರಲಿಲ್ಲ" ಎಂದು ಕೈಯೆತ್ತಿ ಮುಗಿದ.

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು. ಎದ್ದು ನಿಂತು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಸಭೆ ಎಲ್ಲಿಗೂ ಸೇರುವುದಿಲ್ಲ. ಸಿಂದಗಿಯ ಸಭೆ ಸಿಂದಗಿಯಲ್ಲೇ ಇರುತ್ತದೆ."

ಯಾರು ಶುರುಮಾಡಿದರೋ ತಿಳಿಯದು, ಹಾಡು ಎದ್ದಿತು. ಯಾರೋ ದಪ್ಪು ವಾದ್ಯ ಬಡಿಯತೊಡಗಿದರು. ಯೋನಪ್ಪ ಖಾಕಿ ತೋಳು ಮೇಲೆತ್ತಿ ಹಾಡಿದ, ರಾಹೇಲವ್ವ ಕಣ್ಣು ಮುಚ್ಚಿ ತನ್ನದೇ ರಾಗದಲ್ಲಿ ಹಾಡಿದಳು, ಹೊಳೆಯ ಊರಿನವರು ಪದ ತಿಳಿಯದಿದ್ದರೂ ತಾಳ ಹಿಡಿದರು. ಇಡೀ ಆಲಯ ತಗಡಿನ ಮೇಲೆ ಮಳೆ ಸುರಿದಂತೆ ಮೊರೆಯುತ್ತಿತ್ತು. ನನಗೆ ಮಾತ್ರ ಹಾಡುವ ಅಪ್ಪಣೆ ಇರಲಿಲ್ಲ. ತುಟಿ ಬಿಗಿಹಿಡಿದು, ಅವರೆಲ್ಲರ ನಡುವೆ ಹೋಗಿ ನಿಂತು, ಅಂಗೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದೆ.